ಗಡಿ ದಾಟಿದ್ದು ಕಾರೋ, ಮನುಷ್ಯನೋ? ಬಾಡಿಗೆ ಗಾಡಿಯ ದಂಡ ಮನೆ ಹುಡುಕಿಕೊಂಡು ಬರುವ ದಾರಿ

ಧಾರವಾಡದ ಭಾವ ಮತ್ತು ಅಕ್ಕ ನಮ್ಮಲ್ಲಿಗೆ, ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ, ಬಂದವರು ಹದಿನೈದು ದಿನ ಇದ್ದು ಆಮೇಲೆ ತಾವಿಬ್ಬರೇ ಇಟಲಿಗೆ ಹೊರಟರು. ಪೀಸಾ ವಿಮಾನ ನಿಲ್ದಾಣದಲ್ಲಿ ಸಣ್ಣ ಕಾರೊಂದನ್ನು ಬಾಡಿಗೆಗೆ ಹಿಡಿದು ಆರು ದಿನ ಟಸ್ಕನಿ ಸುತ್ತಿದರು. ಕಾರು ವಾಪಸ್ ಕೊಡುವಾಗ ಒಂದು ಗೀರೂ ಇರಲಿಲ್ಲ, ಠೇವಣಿ ಪೂರಾ ಬಿಡುಗಡೆಯಾಯಿತು, ಖುಷಿಯಾಗಿ ಊರಿಗೆ ಹೋದರು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಭಾವನ ಫೋನಿಗೆ ಬ್ಯಾಂಕಿನ ಮೆಸೇಜು ಬಂತು: ಕ್ರೆಡಿಟ್ ಕಾರ್ಡಿನಿಂದ 48.80 ಯೂರೋ ಕಡಿತ. ಎರಡು ನಿಮಿಷ ಬಿಟ್ಟು ಅದೇ ಮೊತ್ತ ಇನ್ನೊಂದು ಸಲ. ಮಷೀನು ಎರಡೆರಡು ಸಲ ಉಜ್ಜಿರಬೇಕು ಅಂದುಕೊಂಡು ಬ್ಯಾಂಕಿಗೆ ದೂರು ಕೊಡುವುದನ್ನು ಮುಂದೂಡುತ್ತಲೇ ಬಂದರು. ಅದಾಗಿ ಐದು ತಿಂಗಳಿಗೆ ಪೋಸ್ಟ್‌ಮನ್ ಸಹಿ ಹಾಕಿಸಿಕೊಂಡು ಒಂದು ಲಕೋಟೆ ಕೊಟ್ಟು ಹೋದ. ಒಳಗೆ ಟಸ್ಕನಿಯ ಒಂದು ಊರಿನ ಪುರಸಭಾ ಪೊಲೀಸರ ದಂಡದ ನೋಟಿಸು.

ರಾತ್ರಿ ಫೋನು ಬಂತು. “ಅಲ್ಲೋ, ಒಂದ್ ಸರ್ತಿ ಅಲ್ಲ, ಎರಡ್ ಸರ್ತಿ ರೊಕ್ಕ ಹಿಡದಾರ. ಮತ್ತ್ಯಾಕ ಕಳಸ್ಯಾರ ಇದನ್ನ?”

“ಭಾವ, ಅವರು ಹಿಡದದ್ದು ದಂಡ ಅಲ್ಲ,” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ನಾನು ಕೆಲಸ ಮಾಡುವ ಆಫೀಸಿನಲ್ಲಿ ಲೀಸ್ ಕಾರುಗಳ ಲೆಕ್ಕಪತ್ರವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಮೂರು ದೇಶಗಳ ದಂಡದ ಕಾಗದ ವಾರಕ್ಕೊಮ್ಮೆಯಾದರೂ ಮೇಜಿಗೆ ಬೀಳುತ್ತದೆ. ಹಾಗಾಗಿ ಭಾವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ 48.80 ಏನು ಅನ್ನುವುದು. 40 ಯೂರೋ ಕಂಪನಿಯ ಸೇವಾ ಶುಲ್ಕ, ಅದರ ಮೇಲೆ ಇಟಲಿಯ ಶೇ. 22 ಮೌಲ್ಯವರ್ಧಿತ ತೆರಿಗೆ 8.80. ಯಾವ ಸೇವೆ? ಪೊಲೀಸರು “ಈ ನಂಬರಿನ ಗಾಡಿ ಈ ದಿನ ಈ ಹೊತ್ತಿಗೆ ಯಾರ ಕೈಲಿತ್ತು?” ಎಂದು ಕೇಳಿದರು, ಕಂಪನಿ ತನ್ನ ಕಂಪ್ಯೂಟರಿನಲ್ಲಿ ನೋಡಿ ಭಾವನ ಹೆಸರು, ವಿಳಾಸ ಕೊಟ್ಟಿತು. ಅಷ್ಟೇ ಸೇವೆ. ನಿಮ್ಮ ಹೆಸರನ್ನು ಪೊಲೀಸರಿಗೆ ಹೇಳಿದ್ದಕ್ಕೆ ನಿಮ್ಮಿಂದಲೇ ಕೂಲಿ. ಕೇಳಿದರೆ ಮೈ ಉರಿಯುತ್ತದೆ ನಿಜ, ಆದರೆ ಕೌಂಟರಿನಲ್ಲಿ ಸಹಿ ಹಾಕಿದ ಕರಾರಿನ ಹಿಂಬದಿ ಸಣ್ಣ ಅಕ್ಷರದಲ್ಲಿ ಇದಕ್ಕೆ ಒಪ್ಪಿಗೆ ಇರುತ್ತದೆ. ದಂಡದ ಹಣದಲ್ಲಿ ಒಂದು ಪೈಸೆಯೂ ಇದರಿಂದ ಮುರಿದುಕೊಳ್ಳುವುದಿಲ್ಲ. “ಕಾರ್ಡಿನಿಂದ ಕಟ್ ಆಯ್ತು, ಮುಗೀತು” ಎಂದುಕೊಂಡು ನಿಜವಾದ ನೋಟಿಸನ್ನು ಕಸದ ಬುಟ್ಟಿಗೆ ಹಾಕಿದವರನ್ನು ನಾನೇ ನಾಲ್ಕೈದು ಜನ ನೋಡಿದ್ದೇನೆ. ಇಡೀ ವ್ಯವಹಾರದಲ್ಲಿ ಅತಿ ದುಬಾರಿ ತಪ್ಪು ಅದೇ.

ಗಡಿ ಎರಡು ಥರ

“ಗಡಿಯಾಚೆಯ ದಂಡ” ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಅಲ್ಲೇ ಗೊಂದಲ ಶುರುವಾಗುತ್ತದೆ. ದಾಟಿದ್ದು ಕಾರೋ, ಮನುಷ್ಯನೋ ಎಂದು ಮೊದಲು ಕೇಳಿಕೊಳ್ಳಬೇಕು.

ನನ್ನ ಡಚ್ ನಂಬರ್ ಪ್ಲೇಟಿನ ಲೀಸ್ ಕಾರು ಜರ್ಮನಿಯ ಹೆದ್ದಾರಿಯಲ್ಲಿ ವೇಗದ ಕ್ಯಾಮೆರಾಗೆ ಸಿಕ್ಕಿತು ಅನ್ನಿ. ಇಲ್ಲಿ ಗಡಿ ದಾಟಿದ್ದು ಕಾರು. ಜರ್ಮನ್ ಅಧಿಕಾರಿಗಳ ಬಳಿ ಆ ನಂಬರಿಗೆ ಹೆಸರಿಲ್ಲ; ನೆದರ್ಲೆಂಡ್ಸಿನ ವಾಹನ ನೋಂದಣಿಯನ್ನು ಕೇಳಬೇಕು. ಐರೋಪ್ಯ ಒಕ್ಕೂಟದ ಕಾನೂನು, ಕಂಪ್ಯೂಟರ್ ಜಾಲ ಎಲ್ಲ ಇರುವುದು ಮುಖ್ಯವಾಗಿ ಈ ಕೆಲಸಕ್ಕೆ.

ಭಾವನದು ಬೇರೆ ಕಥೆ. ಕಾರು ಇಟಲಿಯದು, ಬೀದಿ ಇಟಲಿಯದು, ಕ್ಯಾಮೆರಾ ಇಟಲಿಯದು, ಕಂಪನಿಯ ಶಾಖೆಯೂ ಇಟಲಿಯದು. ಗಡಿ ದಾಟಿದ್ದು ಮನುಷ್ಯ ಮಾತ್ರ. ಇಲ್ಲಿ ಯಾವ ಐರೋಪ್ಯ ಜಾಲವೂ ಬೇಕಿಲ್ಲ. ಪೊಲೀಸರು ಕಂಪನಿಗೆ ಬರೆದರು, ಕಂಪನಿ ಧಾರವಾಡದ ವಿಳಾಸ ಕೊಟ್ಟಿತು, ಕಾಗದ ಅಂಚೆಯಲ್ಲಿ ಹೊರಟಿತು. ಪ್ರವಾಸಿಗಳ ಕೈ ಸೇರುವ ನೋಟಿಸುಗಳಲ್ಲಿ ಹೆಚ್ಚಿನವು ಈ ಬಗೆಯವು.

ಎರಡೂ ದಾಟಿದಾಗ ತಡ ಇಮ್ಮಡಿ. ಮ್ಯೂನಿಕ್‌ನಲ್ಲಿ ಕಾರು ಹಿಡಿದು ಫ್ಲಾರೆನ್ಸ್‌ಗೆ ಹೋದರೆ, ಇಟಲಿಯವರು ಮೊದಲು ಜರ್ಮನ್ ನೋಂದಣಿ ಕೇಳಬೇಕು. ಅಲ್ಲಿ ಸಿಗುವುದು ಬಾಡಿಗೆ ಕಂಪನಿಯ ಹೆಸರು. ಆ ಕಂಪನಿಗೆ ಬರೆದು ಬಾಡಿಗೆದಾರನ ಹೆಸರು ತರಿಸಬೇಕು. ಆಮೇಲೆ ಅವನಿಗೆ ಬರೆಯಬೇಕು. ಒಂದೊಂದು ಮೆಟ್ಟಿಲಿಗೂ ವಾರಗಟ್ಟಲೆ. ಇಟಲಿಯ ರಸ್ತೆ ಸಂಹಿತೆಯ 201ನೇ ವಿಧಿ ದೇಶದೊಳಗಿನವರಿಗೆ ನೋಟಿಸು ತಲುಪಿಸಲು 90 ದಿನ ಕೊಟ್ಟರೆ ಹೊರದೇಶದವರಿಗೆ 360 ದಿನ ಕೊಡುತ್ತದೆ. ಒಂಬತ್ತು ತಿಂಗಳಿಗೆ ಬಂದ ಭಾವನ ಕಾಗದ “ಲೇಟಾಗಿ” ಬಂದದ್ದಲ್ಲ, ಸಮಯಕ್ಕೇ ಬಂದದ್ದು. ಬಾಡಿಗೆ ಗಾಡಿಯ ವಿಷಯದಲ್ಲಂತೂ ಬಾಡಿಗೆದಾರ ಯಾರು ಎಂದು ಪೊಲೀಸರಿಗೆ ಗೊತ್ತಾದ ದಿನದಿಂದ ಎಣಿಕೆ ಶುರು ಎಂದು ಅವರು ಹಿಡಿಯುತ್ತಾರೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಂಬರ್ ಪ್ಲೇಟ್ ಮನುಷ್ಯನಲ್ಲ. ಕ್ಯಾಮೆರಾಗೆ ಸಿಗುವುದು ಪ್ಲೇಟು, ದಂಡ ಕಟ್ಟಬೇಕಾದದ್ದು ಮನುಷ್ಯ. ಈ ಎರಡರ ನಡುವಿನ ಹೊಂಡವನ್ನು ಒಂದೊಂದು ದೇಶ ಒಂದೊಂದು ರೀತಿ ಮುಚ್ಚಿದೆ. ಸ್ವಂತ ಗಾಡಿಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಮಾಲೀಕನೂ ಚಾಲಕನೂ ಸಾಮಾನ್ಯವಾಗಿ ಒಬ್ಬನೇ. ಬಾಡಿಗೆ ಗಾಡಿಯಲ್ಲಿ ಇವರಿಬ್ಬರೂ ಖಂಡಿತ ಬೇರೆ ಬೇರೆ.

ಜರ್ಮನಿಯಲ್ಲಿ ವೇಗ, ಕೆಂಪು ದೀಪದಂಥ ತಪ್ಪಿಗೆ ಓಡಿಸಿದವನೇ ಹೊಣೆ. ಮಾಲೀಕನಿಗೆ ದಂಡ ಹಾಕುವಂತಿಲ್ಲ. ಅದಕ್ಕೇ ಅಲ್ಲಿನ ಕ್ಯಾಮೆರಾ ಮುಂದಿನಿಂದ, ಮುಖ ಕಾಣುವಂತೆ ಫೋಟೋ ತೆಗೆಯುತ್ತದೆ. ಬಾಡಿಗೆ ಕಂಪನಿಗೆ ಹೋಗುವುದು ದಂಡದ ನೋಟಿಸಲ್ಲ, ಸಾಕ್ಷಿಗೆ ಕಳಿಸುವ ಪ್ರಶ್ನಾವಳಿ. ಕಂಪನಿ ಬಾಡಿಗೆದಾರನ ಹೆಸರು ಬರೆದು ವಾಪಸ್ ಕಳಿಸುತ್ತದೆ, ಆಮೇಲೆ ಅವನಿಗೆ “ನಿಮ್ಮ ಹೇಳಿಕೆ ಏನು?” ಎಂಬ ಅರ್ಜಿ ಬರುತ್ತದೆ. ಓಡಿಸಿದ್ದು ಹೆಂಡತಿಯೋ ಗೆಳೆಯನೋ ಆಗಿದ್ದರೆ ಹೇಳುವ ಜಾಗ ಅದು. ಇಲ್ಲಿ ಮೂರು ತಿಂಗಳ ಗಡುವೊಂದಿದೆ: ಅಷ್ಟರೊಳಗೆ ಕ್ರಮ ಆಗದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ. ಐಂಡ್‌ಹೋವನ್‌ನ ನಮ್ಮ ಕನ್ನಡದವರ ಬಾಯಲ್ಲಿ ಇದು “ಮೂರು ತಿಂಗಳು ಕಾಗದ ಬರಲಿಲ್ಲ ಅಂದ್ರೆ ಬಚಾವ್” ಎಂದಾಗಿದೆ. ಅದು ಅರ್ಧ ಸತ್ಯ. ಚಾಲಕನ ಹೆಸರಿಗೆ ಆ ಅರ್ಜಿ ಹೊರಡಿಸಿದ ಕೂಡಲೇ ಗಡುವು ಮೊದಲಿನಿಂದ ಶುರುವಾಗುತ್ತದೆ. ಅಂಚೆಯವ ಬಾಗಿಲು ತಟ್ಟಿದ ದಿನ ಲೆಕ್ಕಕ್ಕಿಲ್ಲ.

ನೆದರ್ಲೆಂಡ್ಸಿನ ದಾರಿ ನೇರ: ನಂಬರ್ ಯಾರ ಹೆಸರಿನಲ್ಲಿದೆಯೋ ಅವರೇ ಕಟ್ಟಬೇಕು. ಯಾರು ಓಡಿಸಿದರು ಎಂದು ಕೇಳುವ ಗೋಜೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇವರು ಕಾನೂನು ಮಾಡಿಕೊಂಡಂತಿದೆ, ಆದರೆ ಕೆಲಸ ಮಾತ್ರ ಚಕಚಕ ನಡೆಯುತ್ತದೆ. ಲೇವಾರ್ಡನ್ ಊರಿನ ಕೇಂದ್ರ ವಸೂಲಿ ಕಚೇರಿಯಿಂದ ಕಾಗದ ಬರುತ್ತದೆ. ಇದಕ್ಕೆ ಒಂದು ವಿನಾಯಿತಿ ಇದೆ. ವ್ಯಾಪಾರವಾಗಿ ಗಾಡಿ ಬಾಡಿಗೆಗೆ ಕೊಡುವವರು ಮೂರು ತಿಂಗಳಿಗೆ ಮೀರದ ಲಿಖಿತ ಕರಾರು ತೋರಿಸಿದರೆ ದಂಡ ಅವರನ್ನು ಬಿಟ್ಟು ಬಾಡಿಗೆದಾರನ ಕಡೆ ತಿರುಗುತ್ತದೆ. ಮೂರು ತಿಂಗಳಿಗಿಂತ ಉದ್ದದ ಲೀಸಿಗೆ ಈ ದಾರಿ ಇಲ್ಲ. ನಮ್ಮ ಆಫೀಸಿನ ಕಾರುಗಳೆಲ್ಲ ನಾಲ್ಕು ವರ್ಷದ ಲೀಸು. ದಂಡ ಲೀಸ್ ಕಂಪನಿಗೆ, ಅಲ್ಲಿಂದ ಅವರ ಶುಲ್ಕ ಸೇರಿ ನಮಗೆ, ನಮ್ಮಿಂದ ನೌಕರನ ಸಂಬಳಕ್ಕೆ.

ಫ್ರಾನ್ಸಿನವರು ಎರಡನ್ನೂ ಬೆರೆಸಿದ್ದಾರೆ. ದಂಡದ ಹಣಕ್ಕೆ ಮಾಲೀಕ ಹೊಣೆ. ಆದರೆ ಮಾಲೀಕ ಒಂದು ಕಂಪನಿಯಾಗಿದ್ದರೆ ಅದು 45 ದಿನದೊಳಗೆ ಚಾಲಕನ ಹೆಸರು ಕೊಡಲೇಬೇಕು. 2017ರ ಜನವರಿಯಿಂದ ಇದು ಕಡ್ಡಾಯ. ಇದರಲ್ಲಿ ಲೆಕ್ಕಪತ್ರದವರು ಬೀಳುವ ಗುಂಡಿಯೊಂದಿದೆ. 45 ಯೂರೋದ ಚಿಕ್ಕ ದಂಡ ತಾನೇ, ಕಂಪನಿ ಖಾತೆಯಿಂದಲೇ ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ಕಟ್ಟಿಬಿಡುತ್ತಾರೆ. ಕೆಲವು ವಾರ ಬಿಟ್ಟು ಇನ್ನೊಂದು ಕಾಗದ: ಚಾಲಕನ ಹೆಸರು ಹೇಳದ್ದಕ್ಕೆ 675 ಯೂರೋ. ಒಬ್ಬನೇ ಮನುಷ್ಯನ ಕಂಪನಿಯಾದರೂ, ಓಡಿಸಿದ್ದು ಅವನೇ ಎಂಬುದು ಲೋಕಕ್ಕೆಲ್ಲ ಗೊತ್ತಿದ್ದರೂ, ತನ್ನ ಹೆಸರನ್ನು ತಾನೇ ಬರೆದುಕೊಡಬೇಕು. ದಂಡ ಕಟ್ಟುವುದು ಬೇರೆ, ಹೆಸರು ಹೇಳುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಖಾರವಾದ ಪಾಠ ನನಗೆ ಸಿಕ್ಕಿಲ್ಲ. ಬೆಲ್ಜಿಯಮ್ಮಿನಲ್ಲಿ ಕಂಪನಿಗಳಿಗೆ ಇದೇ ಕೆಲಸಕ್ಕೆ 15 ದಿನ ಮಾತ್ರ.

ಇಟಲಿಯಲ್ಲಿ ಸಾಮಾನ್ಯವಾಗಿ ಚಾಲಕನ ಜೊತೆ ಮಾಲೀಕನೂ ಹೊಣೆ. ಆದರೆ ಚಾಲಕರಿಲ್ಲದೆ ಬಾಡಿಗೆಗೆ ಕೊಟ್ಟ ಗಾಡಿಯಾದರೆ ಮಾಲೀಕನ ಜಾಗದಲ್ಲಿ ಬಾಡಿಗೆದಾರ ನಿಲ್ಲುತ್ತಾನೆ ಎಂದು 2021ರಲ್ಲಿ ಕಾನೂನನ್ನು ಸ್ಪಷ್ಟ ಮಾಡಿದರು. ಹಾಗಾಗಿ ಓಡಿಸಿದ್ದು ಅಕ್ಕನೇ ಆಗಿದ್ದರೂ ಕರಾರಿಗೆ ಸಹಿ ಹಾಕಿದ ಭಾವನಿಗೇ ಕಾಗದ ಬರುತ್ತಿತ್ತು.

ಭಾವನ ತಪ್ಪಾದರೂ ಏನು? ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ಗಾಡಿಗಳು ಹೋಗುವಂತಿಲ್ಲ. ಝಡ್‌ಟಿಎಲ್ ಎನ್ನುತ್ತಾರೆ, ಸೀಮಿತ ಸಂಚಾರ ವಲಯ. ಫ್ಲಾರೆನ್ಸ್, ಪೀಸಾ, ರೋಮ್ ಎಲ್ಲ ಕಡೆ ಇದೆ. ಗೇಟಿಲ್ಲ, ಪೊಲೀಸಿಲ್ಲ, ಒಂದು ಕಂಬ, ಒಂದು ಕ್ಯಾಮೆರಾ, ಒಂದು ಬೋರ್ಡು. ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ “ವಾರ್ಕೊ ಅತ್ತೀವೊ”. ವಾರ್ಕೊ ಎಂದರೆ ದ್ವಾರ, ಅತ್ತೀವೊ ಎಂದರೆ ಆಕ್ಟಿವ್. ದಾರಿ ಆಕ್ಟಿವ್ ಇದೆ, ಹೋಗಬಹುದು ಎಂದು ಭಾವ ಓದಿಕೊಂಡರು. ಆಕ್ಟಿವ್ ಇದ್ದದ್ದು ಕ್ಯಾಮೆರಾದ ಕಾವಲು. ಅಂದರೆ ಪ್ರವೇಶ ನಿಷಿದ್ಧ. ಫೋನಿನ ಮ್ಯಾಪು ಹೋಟೆಲಿನ ಬಾಗಿಲಿಗೇ ಒಯ್ಯುವ ಉತ್ಸಾಹದಲ್ಲಿ ಇದನ್ನು ಯಾವಾಗಲೂ ಹೇಳುವುದಿಲ್ಲ. ಹೋಟೆಲಿನವರು ಅತಿಥಿಯ ಗಾಡಿ ನಂಬರನ್ನು ಪುರಸಭೆಗೆ ತಿಳಿಸಿ ಅನುಮತಿ ಕೊಡಿಸುವ ವ್ಯವಸ್ಥೆ ಹಲವು ಊರುಗಳಲ್ಲಿದೆ. ಅದನ್ನು ನಾವೇ ಕೇಳಬೇಕು, ಅವರಾಗಿ ಹೇಳುವವರು ಕಡಿಮೆ. ಇನ್ನೊಂದು ಮಾತು: ಅಲ್ಲಿ ಒಂದೊಂದು ಪ್ರವೇಶಕ್ಕೂ ಒಂದೊಂದು ದಂಡ ಬೀಳಬಹುದು. ದಿನಕ್ಕೆ ಮೂರು ಸಲ ಒಳಹೊಕ್ಕರೆ ಮೂರು ಕಾಗದವೂ ಬರಬಹುದು.

ದೇಶಗಳು ಪರಸ್ಪರ ಕೇಳಿಕೊಳ್ಳುವ ಬಗೆ

ಕಾರು ಗಡಿ ದಾಟಿದ ಪ್ರಕರಣಕ್ಕೆ ಬರೋಣ. ಐರೋಪ್ಯ ಒಕ್ಕೂಟ ಇದಕ್ಕೆ 2011ರಲ್ಲೇ ಒಂದು ನಿರ್ದೇಶನ ತಂದಿತು. 2014ರ ಮೇ ತಿಂಗಳಲ್ಲಿ ಒಕ್ಕೂಟದ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಿಯಮದಲ್ಲಿ ತಪ್ಪಿರಲಿಲ್ಲ, ಅದನ್ನು ಪೊಲೀಸ್ ಸಹಕಾರದ ಅಧಿಕಾರದಡಿ ತಂದದ್ದು ತಪ್ಪು, ರಸ್ತೆ ಸುರಕ್ಷತೆಯೆಂದರೆ ಸಾರಿಗೆಯ ಅಧಿಕಾರದಡಿ ತರಬೇಕಿತ್ತು ಎಂಬ ಕಾರಣಕ್ಕೆ. 2015ರ ಮಾರ್ಚ್‌ನಲ್ಲಿ ಹಾಗೇ ತಂದರು. ತಮಾಷೆಯೆಂದರೆ, ಪೊಲೀಸ್ ಸಹಕಾರ ಎಂದಿದ್ದಾಗ ಹೊರಗುಳಿದಿದ್ದ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್‌ಗಳು ಸಾರಿಗೆ ಎಂದ ಕೂಡಲೇ ಒಳಗೆ ಬರಬೇಕಾಯಿತು.

2015ರ ನಿರ್ದೇಶನದಲ್ಲಿ ಎಂಟು ತಪ್ಪುಗಳಿವೆ: ಅತಿವೇಗ, ಸೀಟ್ ಬೆಲ್ಟ್ ಇಲ್ಲದ್ದು, ಕೆಂಪು ದೀಪ ದಾಟಿದ್ದು, ಕುಡಿದು ಓಡಿಸಿದ್ದು, ಮಾದಕದ್ರವ್ಯ ಸೇವಿಸಿ ಓಡಿಸಿದ್ದು, ಹೆಲ್ಮೆಟ್ ಇಲ್ಲದ್ದು, ನಿಷೇಧಿತ ಲೇನಿನಲ್ಲಿ ಹೋದದ್ದು, ಓಡಿಸುತ್ತ ಫೋನ್ ಹಿಡಿದದ್ದು. ಝಡ್‌ಟಿಎಲ್ ಆ ಪಟ್ಟಿಯಲ್ಲಿಲ್ಲ. ಈ ಎಂಟರಲ್ಲಿ ಒಂದು ನಡೆದರೆ ಆ ದೇಶದ ಸಂಪರ್ಕ ಕೇಂದ್ರ ಗಾಡಿ ನೋಂದಣಿಯಾದ ದೇಶದ ಕೇಂದ್ರವನ್ನು ಯೂಕಾರಿಸ್ ಎಂಬ ಜಾಲದ ಮೂಲಕ ಕೇಳುತ್ತದೆ. ಒಂದೇ ದೊಡ್ಡ ದತ್ತಾಂಶ ಕೋಶ ಎಂಬುದು ಅಲ್ಲಿಲ್ಲ. ಪ್ರತಿ ದೇಶ ತನ್ನ ಪುಸ್ತಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಬೇರೆಯವರು ಕೇಳಿದ ಪುಟ ಮಾತ್ರ ತೋರಿಸುತ್ತದೆ.

ಹೆಸರು ಸಿಕ್ಕಿತು ಎಂದರೆ ಹಣ ಸಿಕ್ಕಿತು ಎಂದಲ್ಲ. ವಸೂಲಿಗೆ ಬೇರೆಯೇ ಕಾನೂನು, 2005ರ ಚೌಕಟ್ಟು ತೀರ್ಮಾನ. ಒಂದು ಸದಸ್ಯ ದೇಶ ಹಾಕಿದ ದಂಡವನ್ನು ಇನ್ನೊಂದು ದೇಶ ತನ್ನದೇ ಎಂಬಂತೆ ವಸೂಲಿ ಮಾಡಿಕೊಡಬೇಕು. 70 ಯೂರೋಗಿಂತ ಕಡಿಮೆಯಿದ್ದರೆ ನಿರಾಕರಿಸಬಹುದು. ಜರ್ಮನಿಯಲ್ಲಿ ಬಾನ್ ನಗರದ ಫೆಡರಲ್ ನ್ಯಾಯ ಕಚೇರಿ 2010ರಿಂದ ಈ ಕೆಲಸ ಮಾಡುತ್ತಿದೆ. ನಾನು ಮೊದಲ ಸಲ ಓದಿ ನಕ್ಕ ಒಂದು ಕಲಮು ಇದರಲ್ಲಿದೆ: ಬೇರೆ ಒಪ್ಪಂದ ಇಲ್ಲದಿದ್ದರೆ ವಸೂಲಾದ ಹಣ ವಸೂಲಿ ಮಾಡಿಕೊಟ್ಟ ದೇಶಕ್ಕೇ ಸೇರುತ್ತದೆ. ಇಟಲಿಯ ದಂಡವನ್ನು ಜರ್ಮನಿ ವಸೂಲು ಮಾಡಿದರೆ ಹಣ ಜರ್ಮನಿಯ ಖಜಾನೆಗೆ. ಕಡತ ಸಿದ್ಧಮಾಡಿ, ಅನುವಾದ ಮಾಡಿಸಿ, ಪರದೇಶದ ಖಜಾನೆ ತುಂಬಿಸುವ ಉತ್ಸಾಹ ಯಾವ ಪುರಸಭೆಗೆ ಇರುತ್ತದೆ? ಎಷ್ಟೋ ದಂಡಗಳು ಇದೇ ಜಾಗದಲ್ಲಿ ತಣ್ಣಗಾಗುತ್ತವೆ ಎಂಬುದು ನನ್ನ ಅನುಭವದ ಮಾತು.

ಬ್ರಿಟನ್ ಬ್ರೆಕ್ಸಿಟ್ ಮೇಲೆ ಎರಡರಿಂದಲೂ ಹೊರಗೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿ ಇಲ್ಲವೇ ಇಲ್ಲ, ಆದರೆ ಜರ್ಮನಿಯ ಜೊತೆ ಅದು ಮಾಡಿಕೊಂಡ ಪೊಲೀಸ್ ಒಪ್ಪಂದದಡಿ 2024ರ ಮೇ 1ರಿಂದ ಪರಸ್ಪರ ದಂಡ ವಸೂಲಿ ಶುರುವಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಗೆಳೆಯನೊಬ್ಬ ಜರ್ಮನಿಯ ರಸ್ತೆಗಳಲ್ಲಿ ತೋರುತ್ತಿದ್ದ ಹಳೆಯ ಧೈರ್ಯವನ್ನು ಈಗ ಬಿಟ್ಟಿದ್ದಾನೆ.

2024ರ ಡಿಸೆಂಬರ್‌ನಲ್ಲಿ ನಿರ್ದೇಶನಕ್ಕೆ ತಿದ್ದುಪಡಿ ಬಂತು. ತಪ್ಪುಗಳ ಪಟ್ಟಿ ಉದ್ದವಾಯಿತು: ಮುಂದಿನ ಗಾಡಿಗೆ ತೀರ ಅಂಟಿಕೊಂಡು ಹೋಗುವುದು, ಅಪಾಯಕಾರಿ ಓವರ್‌ಟೇಕ್, ಅಪಾಯಕಾರಿ ಪಾರ್ಕಿಂಗ್, ಎದುರು ದಿಕ್ಕಿನಲ್ಲಿ ಓಡಿಸುವುದು ಇತ್ಯಾದಿ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಮಾಲೀಕ, ನೋಂದಣಿದಾರ ಇವರಿಬ್ಬರ ಪಕ್ಕದಲ್ಲಿ “ಅಂತಿಮ ಬಳಕೆದಾರ” ಎಂಬ ಮೂರನೆಯವನಿಗೂ ಕಾನೂನಿನಲ್ಲಿ ಜಾಗ ಸಿಕ್ಕಿತು. ದೀರ್ಘಾವಧಿಯ ಲೀಸಿನಲ್ಲಿ ಗಾಡಿ ಇಟ್ಟುಕೊಂಡವನು, ಆಫೀಸಿನ ಕಾರು ಓಡಿಸುವ ನೌಕರ, ಎಲ್ಲ ಅವನೇ. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದು ಕಾನೂನಿಗೆ ಮಾತ್ರ ಕಾಣದಿದ್ದವನು.

ಲೀಸಿನ ಆರ್‌ಸಿ ಮೇಲೆ ಯಾರ ಹೆಸರು?

ಲೀಸ್ ಗಾಡಿಯ ದಂಡ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಯುರೋಪಿನ ಯಾವುದೇ ನೋಂದಣಿ ಪತ್ರ ತೆಗೆದು ನೋಡಿ, ಭಾಷೆ ಯಾವುದಾದರೂ ಅಂಕಣಗಳ ಗುರುತು ಒಂದೇ. ಸಿ.1 ಎಂದರೆ ಪತ್ರ ಯಾರ ಹೆಸರಿನಲ್ಲಿದೆಯೋ ಅವರು. ಸಿ.2 ಮಾಲೀಕ. ಸಿ.3 ಎಂದರೆ ಮಾಲೀಕನಲ್ಲದಿದ್ದರೂ ಗಾಡಿ ಬಳಸುವ ಹಕ್ಕಿರುವವರು. 1999ರ ನಿರ್ದೇಶನವೊಂದು ಈ ಗುರುತುಗಳನ್ನು ಎಲ್ಲ ದೇಶಗಳಿಗೂ ಒಂದೇ ಮಾಡಿತು. ಗುರುತು ಒಂದೇ ಆದರೂ ತುಂಬುವ ಪದ್ಧತಿ ಬೇರೆ. ಜರ್ಮನಿಯಲ್ಲಿ ಲೀಸಿಗೆ ಪಡೆದವರ ಹೆಸರೇ ಸಾಮಾನ್ಯವಾಗಿ ಸಿ.1ರಲ್ಲಿ ಕೂರುತ್ತದೆ, ಲೀಸ್ ಕಂಪನಿ ಮಾಲೀಕತ್ವದ ಇನ್ನೊಂದು ಪತ್ರವನ್ನು ತನ್ನ ತಿಜೋರಿಯಲ್ಲಿಟ್ಟುಕೊಳ್ಳುತ್ತದೆ. ಆದ್ದರಿಂದ ದಂಡದ ಕಾಗದ ನೇರ ಬಳಸುವವನ ಮನೆಗೆ. ಫ್ರಾನ್ಸಿನಲ್ಲಿ ಕಂಪನಿ ಸಿ.1ರಲ್ಲಿ, ದೀರ್ಘಾವಧಿ ಬಾಡಿಗೆದಾರ ಸಿ.3ರಲ್ಲಿ, ಹೊಣೆ ಸಿ.3ಕ್ಕೆ. ನೆದರ್ಲೆಂಡ್ಸಿನಲ್ಲಿ ನಮ್ಮಂಥ ಲೀಸಿಗೆ ಸಾಮಾನ್ಯವಾಗಿ ಲೀಸ್ ಕಂಪನಿಯದೇ ಹೆಸರು.

ಇದರ ಪರಿಣಾಮ ನನ್ನ ಮೇಜಿನ ಮೇಲೆ ಹೀಗೆ ಕಾಣುತ್ತದೆ. ನಮ್ಮ ಹುಡುಗನೊಬ್ಬ ಜರ್ಮನಿಯಲ್ಲಿ ವೇಗವಾಗಿ ಹೋದ ಅನ್ನಿ. ಜರ್ಮನ್ ಕಚೇರಿಗೆ ಸಿಗುವುದು ಡಚ್ ಲೀಸ್ ಕಂಪನಿಯ ಹೆಸರು. ಅವರಿಗೆ ಬರೆದ ಕಾಗದ ಅವರ ಟಪಾಲು ವಿಭಾಗದಲ್ಲಿ ಹತ್ತು ದಿನ ಕೂತು ನಮಗೆ ಬರುತ್ತದೆ. ನಾನು ಡೈರಿ ತೆಗೆದು ಆ ದಿನ ಆ ಕಾರು ಯಾರ ಬಳಿಯಿತ್ತು ನೋಡಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರು ಕೊಟ್ಟಿದ್ದರೆ ಸುಲಭ. ಯಾರು ಬೇಕಾದರೂ ಬೀಗದ ಕೈ ಎತ್ತಿಕೊಂಡು ಹೋಗುವ ಸಾಮಾನ್ಯ ಕಾರಾಗಿದ್ದರೆ, ಸಹಿ ಪುಸ್ತಕದಲ್ಲಿ ಆ ದಿನದ ಸಾಲು ಖಾಲಿ ಇರುವುದೇ ಹೆಚ್ಚು.

ಆಗ ಎರಡು ದಾರಿ. ಮೊದಲು ಕಂಪನಿ ಕಟ್ಟಿ ಆಮೇಲೆ ನೌಕರನಿಂದ ಹಿಡಿದುಕೊಳ್ಳುವುದು. ಇಲ್ಲವೇ ನೌಕರನ ಹೆಸರು ಕೊಟ್ಟು ಕಾಗದವನ್ನು ಅವನ ಕಡೆ ತಿರುಗಿಸುವುದು. ಮೊದಲನೆಯದರಲ್ಲಿ ಬೇಗ ಕಟ್ಟಿದವರ ರಿಯಾಯಿತಿ ಸಿಗುತ್ತದೆ, ಬೇರೆ ಬೇರೆ ಕಾಗದ ತಿರುಗುವುದಿಲ್ಲ, ಲೀಸ್ ಕಂಪನಿಗಳಿಗೂ ಅದೇ ಇಷ್ಟ. ಆದರೆ ಹಣ ಕಟ್ಟಿದ್ದೆಂದರೆ ಬಹುತೇಕ ಕಡೆ ತಪ್ಪು ಒಪ್ಪಿಕೊಂಡಂತೆ. “ಆ ದಿನ ನಾನು ರಜೆಯಲ್ಲಿದ್ದೆ” ಎಂದು ನೌಕರ ಹೇಳುವ ಹೊತ್ತಿಗೆ ಮೇಲ್ಮನವಿಯ ಬಾಗಿಲು ಮುಚ್ಚಿರುತ್ತದೆ. ನಾನು ಹೆಸರು ಕೊಡುವ ಪಕ್ಷದವನು. ದಂಡದ ಜೊತೆ ಅದನ್ನು ಪ್ರಶ್ನಿಸುವ ಹಕ್ಕೂ ಓಡಿಸಿದವನಿಗೇ ಹೋಗಲಿ.

ಭಾರತದಲ್ಲೂ ಈ ಪ್ರಶ್ನೆ ಹೊಸದಲ್ಲ. ಗೋವಾದಲ್ಲಿ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ಸ್ಕೂಟರ್ ಬಾಡಿಗೆಗೆ ಹಿಡಿದವರಿಗೆಲ್ಲ ಇದರ ರುಚಿ ಗೊತ್ತು. ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್ನಿನ 30ನೇ ಉಪವಿಧಿ ಲೀಸ್ ಅಥವಾ ಹೈಪೊಥಿಕೇಶನ್ (ಸಾಲಕ್ಕೆ ಅಡಮಾನ) ಗಾಡಿಯಾದರೆ ಅದು ಯಾರ ವಶದಲ್ಲಿದೆಯೋ ಅವರನ್ನೇ ಮಾಲೀಕ ಎಂದು ಕರೆಯುತ್ತದೆ. ಚಾಲಕ ಯಾರೆಂದು ಪೊಲೀಸರು ಕೇಳಿದರೆ ಮಾಲೀಕ ಹೇಳಬೇಕು ಎನ್ನುವುದು 133ನೇ ಸೆಕ್ಷನ್. ಆದರೆ ನಮ್ಮವರ ಒಂದು ಅಭ್ಯಾಸ ಯುರೋಪಿನಲ್ಲಿ ಕೈಕೊಡುತ್ತದೆ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ಮಾಫಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಆಮೇಲೂ ಅಂಥ ಅವಕಾಶ ಬಂದಿದೆ. ಕಾದವನಿಗೆ ಲಾಭ ಎಂಬ ಪಾಠ ಮನಸ್ಸಿನಲ್ಲಿ ಕೂತಿದೆ. ಇಲ್ಲಿ ಲೆಕ್ಕ ತಿರುಗುಮುರುಗು. ಫ್ರಾನ್ಸಿನ 68 ಯೂರೋ ದಂಡ ಬೇಗ ಕಟ್ಟಿದರೆ 45, ಸುಮ್ಮನಿದ್ದರೆ 180.

ಭಾವನ ಕಾಗದ

ಭಾವನ ನೋಟಿಸನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಕೂತೆವು. ಮೊದಲು ನೋಡಿದ್ದು ವಿಳಾಸ. ಭಾವನ ಮನೆ ವಿಳಾಸ ನಾಲ್ಕು ಸಾಲಿನದು: ಮನೆ ನಂಬರು, ಎರಡನೇ ಕ್ರಾಸು, ಹನುಮಪ್ಪನ ಗುಡಿ ಹಿಂದೆ, ಬಡಾವಣೆಯ ಹೆಸರು. ಕಾರು ಕಂಪನಿಯ ಅರ್ಜಿಯಲ್ಲಿ ಜಾಗ ಸಾಲದೆ “ಹನುಮಪ್ಪನ” ಎನ್ನುವಲ್ಲಿಗೆ ತುಂಡಾಗಿತ್ತು. ಪಿನ್ ಕೋಡ್ ಉಳಿದದ್ದರಿಂದ, ಹಾಗೂ ನಮ್ಮ ಪೋಸ್ಟ್‌ಮನ್‌ಗೆ ಮನೆಮನೆಯೂ ಗೊತ್ತಿರುವುದರಿಂದ ತಲುಪಿತು. ಬಾಡಿಗೆ ಹಿಡಿಯುವಾಗ ಕೌಂಟರಿನ ಪರದೆಯ ಮೇಲೆ ನಿಮ್ಮ ವಿಳಾಸ ಹೇಗೆ ಮೂಡಿದೆ ಎಂದು ಒಮ್ಮೆ ಕತ್ತು ಚಾಚಿ ನೋಡಿ. ಕಾಗದ ಸಿಗದಿದ್ದರೆ ದಂಡ ತಪ್ಪಿತು ಎಂದಲ್ಲ, ರಿಯಾಯಿತಿ ತಪ್ಪಿತು ಎಂದು ಅರ್ಥ.

ಎರಡನೆಯದು ಲಕೋಟೆ. “ಅದನ್ನ ಒಗದೆ,” ಅಂದರು ಭಾವ. ಅಕ್ಕ ಹುಡುಕಿ ತಂದಳು. ಇಟಲಿಯಲ್ಲಿ ನೋಟಿಸು ಕೈಸೇರಿದ 5 ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ, 60 ದಿನದವರೆಗೆ ಮೂಲ ದಂಡ, ಆಮೇಲೆ ಗರಿಷ್ಠ ದಂಡದ ಅರ್ಧ. ಝಡ್‌ಟಿಎಲ್ ಲೆಕ್ಕದಲ್ಲಿ 83 ಯೂರೋ 5 ದಿನದೊಳಗೆ 58.10 ಆಗುತ್ತದೆ, 60 ದಿನ ಮೀರಿದರೆ 166. ಅಂಚೆ ಮತ್ತು ವಿಚಾರಣೆಯ ಖರ್ಚು ಪ್ರತ್ಯೇಕ. ಎಲ್ಲದರ ಎಣಿಕೆ ಸಹಿ ಹಾಕಿ ತೆಗೆದುಕೊಂಡ ದಿನದಿಂದ, ಆದ್ದರಿಂದ ಲಕೋಟೆ ಎಸೆಯಬಾರದು. ನಾವು ಕೂತದ್ದು ಕಾಗದ ಬಂದ ಮೂರನೇ ದಿನ.

ಮೂರನೆಯದು, ನೋಟಿಸು ಅಸಲಿಯೇ? ದಂಡದ ಹೆಸರಿನ ನಕಲಿ ಮೆಸೇಜುಗಳು ಈಗ ಎಲ್ಲ ದೇಶದಲ್ಲೂ ಇವೆ. ಕಾಗದದ ಮೇಲಿನ ಚೌಕುಳಿ (ಕ್ಯೂಆರ್) ಕೋಡನ್ನು ಫೋನಿಗೆ ತೋರಿಸದೆ ಆ ಪುರಸಭೆಯ ಜಾಲತಾಣವನ್ನು ನಾವೇ ಹುಡುಕಿ ತೆರೆದೆವು. ನೋಟಿಸಿನ ನಂಬರು, ಗಾಡಿ ನಂಬರು ಹಾಕಿದರೆ ಫೋಟೋ ಬಂತು. ಕಾರಿನ ಹಿಂಬದಿ, ಪ್ಲೇಟು, ಸಮಯ. ಬಾಡಿಗೆ ಕರಾರಿನ ದಿನಾಂಕದೊಂದಿಗೆ ತಾಳೆಯಾಯಿತು. ತಾಳೆಯಾಗದೆ ಹೋಗುವುದೂ ಉಂಟು. ಕಾರು ವಾಪಸ್ ಕೊಟ್ಟ ದಿನ ಸಂಜೆ ಮುಂದಿನ ಗಿರಾಕಿ ಮಾಡಿದ ತಪ್ಪು ಹಿಂದಿನವನ ತಲೆಗೆ ಬಂದದ್ದನ್ನು ನಾನು ಕಂಡಿದ್ದೇನೆ. ಕೀಲಿ ಮರಳಿಸಿದ ಸಮಯ ಬರೆದ ರಸೀದಿಯನ್ನು ಒಂದು ವರ್ಷವಾದರೂ ಇಟ್ಟುಕೊಂಡಿರಬೇಕು. ಅಂಥ ತಪ್ಪಿದ್ದರೆ ಹಣ ಕಟ್ಟದೆ ಆಕ್ಷೇಪಿಸಬೇಕು: ಇಟಲಿಯಲ್ಲಿ ಶಾಂತಿ ನ್ಯಾಯಾಧೀಶರಿಗೆ 30 ದಿನ (ಭಾವನಂತೆ ಹೊರದೇಶದಲ್ಲಿ ವಾಸವಿರುವವರಿಗೆ 60), ಪ್ರಿಫೆಕ್ಟ್ ಎಂಬ ಅಧಿಕಾರಿಗೆ 60 ದಿನ. ಕಟ್ಟಿದ ಮೇಲೆ ಆಕ್ಷೇಪಕ್ಕೆ ಜಾಗವಿಲ್ಲ. ಕಂಪನಿಯ ಸೇವಾ ಶುಲ್ಕದ ತಕರಾರು ಮಾತ್ರ ಕಂಪನಿಯ ಜೊತೆಗೆ, ಪೊಲೀಸರ ಜೊತೆ ಅಲ್ಲ.

“ಕಟ್ಟದಿದ್ರ ಏನಾಗ್ತದ? ಇಟಲಿ ಪೊಲೀಸ್ ಧಾರವಾಡಕ್ಕ ಬರ್ತಾನೇನು?” ಭಾವ ಕೇಳಬಹುದಾದ ಪ್ರಶ್ನೆಯೇ. 2005ರ ವಸೂಲಿ ವ್ಯವಸ್ಥೆ ಒಕ್ಕೂಟದೊಳಗೆ ಮಾತ್ರ, ಭಾರತಕ್ಕೆ ಅದು ಅನ್ವಯಿಸುವುದಿಲ್ಲ. ಬರುವುದಿಲ್ಲ ಎಂದೇ ಹೇಳಿದೆ. ಆದರೆ ದಂಡ ಅಳಿಸಿಹೋಗುವುದೂ ಇಲ್ಲ, ಮೊತ್ತ ಬೆಳೆಯುತ್ತದೆ, ವಸೂಲಿ ಏಜೆನ್ಸಿಗಳ ಕಾಗದಗಳು ಬರುತ್ತಲೇ ಇರುತ್ತವೆ. ಅಕ್ಕ ಹಿಂದಿನಿಂದ, “ಮುಂದಿನ ವರ್ಷ ಮತ್ತ ಹೋಗೋದದ, ಸುಮ್ಮ ಕಟ್ಟಿಬಿಡ್ರಿ” ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಬ್ಯಾಂಕಿನಿಂದ ಹಣ ಕಳಿಸಿದರೆ ನಡುವಿನ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡು ಐದಾರು ಯೂರೋ ಕಡಿಮೆ ತಲುಪುತ್ತದೆ, ಅಷ್ಟು ಕಡಿಮೆಯಾದರೂ ಪೂರ್ತಿ ಕಟ್ಟಿಲ್ಲ ಎಂದೇ ಲೆಕ್ಕ. ಹಾಗಾಗಿ ಪುರಸಭೆಯ ಜಾಲತಾಣದಲ್ಲೇ ಕಾರ್ಡಿನಿಂದ ಕಟ್ಟಿಸಿದೆ. ರಸೀದಿ ಇಳಿಸಿಕೊಂಡು, ನೋಟಿಸಿನ ನಂಬರನ್ನೇ ಅದರ ಹೆಸರು ಮಾಡಿ ಇಟ್ಟೆವು.

ಫೋನು ಇಡುವ ಮುಂಚೆ ನಾನು, “ಭಾವ, ಕಾರ್ಡಿನಿಂದ ಎಷ್ಟು ಸಲ ಕಟ್ ಆಗಿತ್ತು ಅಂದ್ರಿ?” ಎಂದು ಕೇಳಿದೆ.

“ಎರಡು. ಒಂದು ಮಷೀನ್ ತಪ್ಪು. ನಾಳೆ ಬ್ಯಾಂಕಿಗೆ ಹೋಗಾಂವ ಇದ್ದೇನಿ.”

“ಬ್ಯಾಂಕು ಬ್ಯಾಡ್ರಿ. ಇನ್ನೊಂದ್ ವಾರ ಪೋಸ್ಟ್‌ಮನ್ ದಾರಿ ನೋಡ್ರಿ.”

ಎಂಟನೇ ದಿನಕ್ಕೆ ಎರಡನೇ ಲಕೋಟೆ ಬಂತು. ಅದೇ ಕಾರು, ಅದೇ ದಿನ, ಅದೇ ಕಂಬ. ಹನ್ನೊಂದು ನಿಮಿಷದ ಅಂತರ. ಹೋಟೆಲು ಸಿಗದೆ ಹೊರಗೆ ಹೋಗಿ, ಒಂದು ಸುತ್ತು ಹಾಕಿ, ಮತ್ತೆ ಒಳಗೆ ಬಂದಿದ್ದರಂತೆ.